ನಿನಗೆ ಹೇಳದೆ ಯಾರಿಗೂ ಹೇಳಲ್ಲ

ಒಂದು ಭಾನುವಾರ ಸಂಜೆ ಕಲಬುರಗಿಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪಾಲಕರ ಎದುರು ಮಾತಾಡಿದ್ದೆ. ಆ ದಿನ ಬರಲಾಗದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಅಂದು ಆಡಿದ ಮಾತು ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬಿಸಿಲು ಇಳಿಯುವ ಮೊದಲೇ ಬಂದು ಕೂತಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಶಾಲೆಯಲ್ಲಿ ನಮ್ಮ ಮಗುವನ್ನು ಬೇರೆ ಮಕ್ಕಳು ಕಾಡಿಸುತ್ತಿದ್ದರೆ ನಾವು ಏನು ಮಾಡಬೇಕು ಅನ್ನುವುದು ವಿಷಯ. ನಾನು 24 ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದವಳು. ಆದರೆ ಇವತ್ತು ಮೊದಲು ಒಬ್ಬ ತಾಯಿಯಾಗಿ ನಾನು ಮಾಡಿದ ತಪ್ಪನ್ನು ಹೇಳಬೇಕು.

ನನ್ನ ಮಗ ಆರನೇ ತರಗತಿಯಲ್ಲಿದ್ದಾಗ ನನಗೆ ಚಿಂಚೋಳಿ ಕಡೆಯಿಂದ ಇಲ್ಲಿಗೆ ವರ್ಗ ಆಯಿತು. ಅವನನ್ನು ಇಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದೆವು. ಡಬ್ಬಿಗೆ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ ಕಟ್ಟುತ್ತಿದ್ದೆ. ಪುಂಡಿಪಲ್ಯ ಅಂದರೆ ಅವನಿಗೆ ಜೀವ. ದಸರಾ ರಜೆ ಮುಗಿದ ಮೇಲೆ ಡಬ್ಬಿ ಹಾಗೇ ತುಂಬಿ ವಾಪಸ್ ಬರತೊಡಗಿತು. "ಬ್ರೆಡ್ ಜಾಮ್ ಕೊಡವ್ವಾ" ಅಂದ. "ಶಹರಕ್ಕ ಬಂದ ಮ್ಯಾಲ ರೊಟ್ಟಿ ಬ್ಯಾಡಾತೇನು ನಿನಗ?" ಅಂತ ಬೈದೆ. ಸೋಮವಾರ ಬಂತೆಂದರೆ "ಅವ್ವಾ, ಹೊಟ್ಟಿ ನೋಯ್ಲಾಕತ್ತದ" ಅನ್ನುತ್ತಿದ್ದ. ಅಜವಾನದ ನೀರು ಕುಡಿಸಿ ಕಳಿಸುತ್ತಿದ್ದೆ. ನಾನು ಟೀಚರು. ಬೇರೆಯವರ ಮಕ್ಕಳ ಮುಖ ನೋಡಿಯೇ ಏನೋ ಆಗಿದೆ ಅಂತ ಹೇಳುತ್ತಿದ್ದವಳು. ನನ್ನ ಮನೆಯ ಡಬ್ಬಿ ಐದು ತಿಂಗಳು ನನಗೆ ಅದನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಮಾರ್ಚ್ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿತ್ತು. ಒಳಗೆ ಜಳ. ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದ್ದೆವು. ನಾನು ನಿದ್ದೆ ಹೋದೆ ಅಂದುಕೊಂಡನೋ ಏನೋ, ಆಕಾಶ ನೋಡುತ್ತಾ ಮೆಲ್ಲಗೆ ಹೇಳಿದ. "ಅವ್ವಾ, ಸಾಲ್ಯಾಗ ನನ್ನ ಹೆಸರು ಯಾರೂ ಕರಿಯಂಗಿಲ್ಲ. ಪುಂಡಿ ಅಂತಾರ." ಆಮೇಲೆ ಒಂದೊಂದೇ ಬಂತು. ಮೂವರು ಹುಡುಗರು ಅವನ ಡಬ್ಬಿ ಮೂಸಿ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ನಳದ ಹತ್ತಿರ ಕಾದು ನಿಂತು ಚಡ್ಡಿ ಮೇಲೆ ನೀರು ಚೆಲ್ಲಿ, ಉಚ್ಚೆ ಹೊಯ್ದುಕೊಂಡ ಅಂತ ಕ್ಲಾಸಿನಲ್ಲಿ ಕೂಗುತ್ತಿದ್ದರಂತೆ. ಅದಕ್ಕೇ ಅವನು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಈ ಊರಿನ ಬಿಸಿಲಿನಲ್ಲಿ.

ಬೆಳಗಾಗುವುದನ್ನೇ ಕಾದು ಅವನ ಶಾಲೆಗೆ ಹೋದೆ. ಸೀದಾ ಅವನ ಕ್ಲಾಸಿಗೆ ನುಗ್ಗಿ, ಎಲ್ಲರೆದುರು ಅವನ ಕೈ ಹಿಡಿದು ಎಬ್ಬಿಸಿ, "ಯಾರ್‍ಯಾರು, ಬೊಟ್ಟು ಮಾಡಿ ತೋರ್ಸು" ಅಂದೆ. ಅವನು ತಲೆ ಎತ್ತಲಿಲ್ಲ. ನಾನೇ ಗದರಿಸಿ, ಅವರ ಟೀಚರಿಗೂ ನಾಲ್ಕು ಮಾತು ಆಡಿ, ಗೆದ್ದೆ ಅಂದುಕೊಂಡು ಬಂದೆ. ಅವತ್ತಿನಿಂದ ಹೊಟ್ಟೆನೋವು ಅಂತ ಹೇಳುವುದೂ ನಿಂತಿತು. ಸರಿಹೋಯಿತು ಅಂತ ನಾನು ತಿಳಿದೆ. ಈಗ ಅವನಿಗೆ ಕೆಲಸ ಆಗಿದೆ, ಮದುವೆಯೂ ಆಗಿದೆ. ಎರಡು ವರ್ಷದ ಹಿಂದೆ ಊಟಕ್ಕೆ ಕೂತಾಗ ಯಾಕೋ ಈ ಮಾತು ಬಂತು. ಅವನು ಹೇಳಿದ: "ಅವ್ವಾ, ಅವರು ಪುಂಡಿ ಅನ್ನೋದು ತಡಕೋತಿದ್ದೆ. ನೀ ಕ್ಲಾಸಿಗಿ ಬಂದ ಮ್ಯಾಲ ಅವರು ನಿನ್ನ ಹಂಗ ಮಾತಾಡಿ ಅಣಗಸ್ತಿದ್ರು. ಅದು ತಡಕೊಳ್ಳಾಕ ಆಗ್ಲಿಲ್ಲ. ಅದಕ್ಕೇ ಆಮ್ಯಾಲ ನಿನಗ ಏನೂ ಹೇಳ್ಲಿಲ್ಲ."

ನಾನು ಇವತ್ತು ಇಲ್ಲಿ ನಿಂತಿರುವುದೇ ಆ ಮಾತಿನಿಂದ.

ಕಾಡಿಸುವವರು ಮಗುವಿನಿಂದ ಕಸಿದುಕೊಳ್ಳುವುದು ಡಬ್ಬಿ, ಪೆನ್ನು ಮಾತ್ರ ಅಲ್ಲ. ತನ್ನ ವಿಷಯದಲ್ಲಿ ತನ್ನ ಮಾತು ನಡೆಯುತ್ತದೆ ಅನ್ನುವ ನಂಬಿಕೆಯನ್ನೇ ಕಸಿದುಕೊಳ್ಳುತ್ತಾರೆ. ಬೇಡ ಅಂದರೂ ಬಿಡುವುದಿಲ್ಲ, ಅತ್ತರೂ ಬಿಡುವುದಿಲ್ಲ. ಅಂಥ ಮಗು ನಮ್ಮ ಹತ್ತಿರ ಬಂದಾಗ ನಾವೂ ಅದರ ಮಾತು ಕೇಳದೆ ನಮಗೆ ತೋಚಿದ್ದನ್ನು ಮಾಡಿದರೆ, ಮಗುವಿಗೆ ಉಳಿದದ್ದೇನು?

ಒಂದು ಗೊಂದಲ ಮೊದಲು ಬಿಡಿಸಿಕೊಳ್ಳೋಣ. ಮಕ್ಕಳು ಜಗಳ ಆಡುತ್ತಾರೆ, ಚಾಷ್ಟಿ ಮಾಡುತ್ತಾರೆ, ಮರುದಿನ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುತ್ತಾರೆ. ಅದಕ್ಕೆಲ್ಲ ನಾವು ಹೋಗುವುದು ಬೇಡ. ಚಾಷ್ಟಿಯಲ್ಲಿ ಇಬ್ಬರೂ ನಗುತ್ತಾರೆ. ಕಾಡಿಸುವುದರಲ್ಲಿ ಒಬ್ಬರ ನಗು ಇನ್ನೊಬ್ಬರ ಅಳುವಿನ ಮೇಲೆ ನಿಂತಿರುತ್ತದೆ. ನಾರ್ವೆಯಲ್ಲಿ ಡಾನ್ ಓಲ್ವೆಯಸ್ ಅನ್ನುವ ಮನಃಶಾಸ್ತ್ರಜ್ಞರು 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಅವರು ಮೂರು ಗುರುತು ಹೇಳಿದರು: ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಬಲದಲ್ಲಿ ಇಬ್ಬರೂ ಸಮ ಇಲ್ಲದಿರುವುದು. ಅಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ, 1983ರಲ್ಲಿ ಇಡೀ ದೇಶದ ಶಾಲೆಗಳಲ್ಲಿ ಇದರ ವಿರುದ್ಧ ಕೆಲಸ ಶುರುವಾಯಿತು. ನಮ್ಮಲ್ಲಿ ಇನ್ನೂ "ಹುಡುಗ್ರು ಅಂದ ಮ್ಯಾಲ ಇದ್ದದ್ದೇ" ಅನ್ನುತ್ತೇವೆ.

ಮೂರನೇ ಗುರುತು, ಬಲ ಸಮ ಇಲ್ಲದಿರುವುದು, ನಮ್ಮ ಕಡೆ ಹೇಗಿರುತ್ತದೆ ನೋಡಿ. ಬರೀ ಮೈಬಲ ಅಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಕ್ಲಾಸಿಗೆ ಹೋದರೂ ಮನೆಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಜಾಸ್ತಿ ಇರುವವರ ಮಾತೇ ಸರಿ, ಕಮ್ಮಿ ಇರುವವರ ಮಾತು ನಗುವ ವಸ್ತು. ತಾಂಡಾದಿಂದ ಬಂದ ಹುಡುಗಿಗೆ ಒಂದು ಹೆಸರು, ಅಪ್ಪ ಮುಂಬೈಗೆ ದುಡಿಯಲು ಹೋದ ಹುಡುಗನಿಗೆ ಇನ್ನೊಂದು ಹೆಸರು. ಬಣ್ಣಕ್ಕೊಂದು, ಜಾತಿಗೊಂದು, ಊಟಕ್ಕೊಂದು. ನಮ್ಮ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು, ಬೇಡ ಅನ್ನುವವರಿಗೆ ಬಾಳೆಹಣ್ಣು. ಮಕ್ಕಳ ಮೈಗೆ ಅದು ಒಳ್ಳೆಯದೇ. ಆದರೆ ಆ ಸಾಲಿನಲ್ಲಿ ನಿಂತು ಕಿವಿಗೊಟ್ಟರೆ, ತಿನ್ನುವವರು ತಿನ್ನದವರನ್ನು, ತಿನ್ನದವರು ತಿನ್ನುವವರನ್ನು ಏನೇನು ಅನ್ನುತ್ತಾರೆ ಅನ್ನುವುದೂ ಕೇಳಿಸುತ್ತದೆ. ಆ ಮಾತುಗಳು ಮಕ್ಕಳು ಹುಟ್ಟಿಸಿದವಲ್ಲ. ನಮ್ಮ ಮನೆಗಳಿಂದ ಹೋದವು.

ಇದೆಲ್ಲ ನಡೆಯುವುದು ಮಾಸ್ತರ ಕಣ್ಣು ಮುಟ್ಟದ ಕಡೆ. ನಳದ ಹತ್ತಿರ, ಶೌಚಾಲಯದಲ್ಲಿ, ಶಾಲೆಗೆ ಹೋಗುವ ಟಂಟಂ ಆಟೋದಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಲೈಟ್ ಆರಿಸಿದ ಮೇಲೆ.

ಈಗ ಅಪ್ಪಂದಿರಿಗೆ ಒಂದು ಮಾತು. ನೀವು ಮೊದಲು ಹೇಳುವುದೇನು? "ಅವ ಒಂದು ಹೊಡದ್ರ ನೀ ಎರಡು ಹೊಡದು ಬಾ." ನೀವು ಪ್ರೀತಿಯಿಂದಲೇ ಹೇಳುತ್ತೀರಿ, ನನಗೆ ಗೊತ್ತು. ಆದರೆ ಅವನಿಗೆ ಹೊಡೆಯಲು ಆಗುತ್ತಿದ್ದರೆ ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ, ಅಲ್ವಾ? ಬೆಳಗ್ಗೆ ಅವನ ಎದುರು ಮೂವರು ನಿಂತಿದ್ದರು. ಸಂಜೆ ನಾಲ್ಕನೆಯವರಾಗಿ ನೀವು ನಿಂತಿರಿ. ಶಾಲೆಯಲ್ಲಿ ಅವರಿಗೆ ಹೆದರಬೇಕು, ಮನೆಯಲ್ಲಿ ನಿಮಗೆ ಮುಖ ತೋರಿಸಲು ನಾಚಬೇಕು. ತಾಯಂದಿರು ಇದಕ್ಕೆ ಉಲ್ಟಾ. "ಹೋಗ್ಲಿ ಬಿಡು, ನೀ ಅವರ ಕಡಿ ನೋಡಬ್ಯಾಡ" ಅನ್ನುತ್ತೀರಿ. ಅದೂ ಮಗುವಿಗೆ ಕೇಳಿಸುವುದು ಒಂದೇ ರೀತಿ: ಇದು ನಿನ್ನ ಕಷ್ಟ, ನೀನೇ ನೋಡಿಕೋ. ಇನ್ನು "ನೀ ಏನು ಮಾಡ್ದಿ? ಸುಮ್ನೆ ಯಾರಾದ್ರು ಹೊಡೀತಾರೇನು?" ಅನ್ನುವುದನ್ನಂತೂ ಆಡಲೇಬೇಡಿ.

ಹಾಗಾದರೆ ಮಾಡುವುದೇನು? ಮಗು ಬಾಯಿ ಬಿಟ್ಟ ಆ ಹತ್ತು ನಿಮಿಷ ಕೈಯಲ್ಲಿದ್ದ ಕೆಲಸ ಕೆಳಗಿಡಿ. ರೊಟ್ಟಿ ಸೀದರೆ ಸೀಯಲಿ. ಆದರೆ ಎದುರು ಕೂತು ಕಣ್ಣಿಗೆ ಕಣ್ಣು ಕೊಟ್ಟು ಪ್ರಶ್ನೆ ಕೇಳಬೇಡಿ, ಅದು ಠಾಣೆಯ ಹಾಗಾಗುತ್ತದೆ. ಪಕ್ಕದಲ್ಲಿ ಕೂಡ್ರಿ. ನನ್ನ ಮಗ ಬಾಯಿ ಬಿಟ್ಟದ್ದು ಕತ್ತಲಲ್ಲಿ, ನನ್ನ ಮುಖ ಕಾಣದಾಗ. ಮಕ್ಕಳು ಜಾಸ್ತಿ ಹೇಳುವುದು ಬೈಕಿನಲ್ಲಿ ನಮ್ಮ ಬೆನ್ನ ಹಿಂದೆ ಕೂತಾಗ, ತಲೆಗೆ ಎಣ್ಣೆ ಹಚ್ಚುವಾಗ, ಅವರೇಕಾಯಿ ಸುಲಿಯುವಾಗ. ನಡುವೆ ಬಾಯಿ ಹಾಕಬೇಡಿ. "ಹೇಳಿದ್ದು ಚಲೋ ಮಾಡಿದಿ. ಇದರಾಗ ನಿಂದೇನೂ ತಪ್ಪಿಲ್ಲ" ಅನ್ನಿ. ಅಷ್ಟು ಸಾಕು ಆ ಹೊತ್ತಿಗೆ.

ಆಮೇಲೆ ಮಗು ಒಂದು ಮಾತು ಕೇಳುತ್ತದೆ. "ಯಾರಿಗೂ ಹೇಳಬ್ಯಾಡ ಅವ್ವಾ." ಇಲ್ಲಿ ತುಂಬಾ ಹುಷಾರಾಗಿರಬೇಕು. "ಆಯ್ತು, ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಆ ಮಾತು ಉಳಿಸಿಕೊಳ್ಳಲು ಆಗದ ದಿನ ಬರಬಹುದು. "ನಿನಗ ಹೇಳದೆ ಯಾರಿಗೂ ಹೇಳಲ್ಲ" ಅನ್ನಿ. ಎರಡು ಮಾತಿನ ನಡುವೆ ಭೂಮಿ ಆಕಾಶದಷ್ಟು ಫರಕ್ ಇದೆ. ಮೊದಲನೆಯದು ಬಾಯಿ ಕಟ್ಟಿಸುತ್ತದೆ. ಎರಡನೆಯದು ಮುಂದಿನ ಹೆಜ್ಜೆಯಲ್ಲಿ ಮಗುವನ್ನು ಜೊತೆ ಕರೆದುಕೊಳ್ಳುತ್ತದೆ.

ಇದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜಿ. ನಾನು ಹಳ್ಳಿಯ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾಗ ಎಂಟನೇ ತರಗತಿಗೆ ತಾಂಡಾದ ಒಬ್ಬ ಹುಡುಗಿ ಬರುತ್ತಿದ್ದಳು. ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಇವಳು ಅಜ್ಜಿಯ ಹತ್ತಿರ. ಒಂದು ದಿನ ಶಾಲೆ ಬಿಟ್ಟ ಮೇಲೆ ಆ ಅಜ್ಜಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಎಲ್ಲರೂ ಹೋಗಲಿ ಅಂತ ಕಾದಿದ್ದರು. ನಾನು ಹೊರಗೆ ಬಂದಾಗ ಎದ್ದು ಬಂದು ಹೇಳಿದರು: "ಅಕ್ಕೋರ, ನಮ್ಮ ಹುಡುಗಿ ನಿಮಗಷ್ಟೇ ಹೇಳು ಅಂದಾಳ. ಹೆಡ್ ಮಾಸ್ತರ್‌ಗ ಬ್ಯಾಡ ಅಂದಾಳ. ಹೆಸರೂ ಹೇಳಬ್ಯಾಡ ಅಂದಾಳ." ಬೆಂಚಿನಲ್ಲಿ ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ. ಅವಳು ಬಂದರೆ ಎದ್ದು ಹೋಗುತ್ತಿದ್ದರು. ನಾನು ದಿನಾ ಆ ಕ್ಲಾಸಿಗೆ ಹೋಗುತ್ತಿದ್ದೆ, ಕಂಡಿರಲಿಲ್ಲ.

ನಾನು ಹೆಸರು ಕೇಳಲಿಲ್ಲ. ಮರುವಾರ ಇಡೀ ಕ್ಲಾಸಿನ ಕೂರುವ ಜಾಗವನ್ನೇ ಬದಲಿಸಿದೆ. ಪಾಠ ಓದಲು ಇಬ್ಬಿಬ್ಬರ ಜೋಡಿ ಮಾಡಿದೆ. ಎಲ್ಲರ ಜೊತೆ ಬೆರೆಯುವ ಒಬ್ಬ ಹುಡುಗಿಯನ್ನು ಅವಳ ಜೋಡಿಗೆ ಹಾಕಿದೆ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ಕಾಡಿಸುವುದನ್ನು ತಡೆಯಲು ರೂಪಿಸಿದ ಕಿವಾ ಅನ್ನುವ ಕಾರ್ಯಕ್ರಮದ ಬಗ್ಗೆ ನಾನು ಓದಿದ್ದು ತುಂಬಾ ವರ್ಷ ಆದ ಮೇಲೆ. ಅಲ್ಲೂ ನೋಡುತ್ತಾ ನಿಲ್ಲುವ ಮಕ್ಕಳ ಮೇಲೇ ಜಾಸ್ತಿ ಗಮನ. ಯಾಕೆಂದರೆ ಕಾಡಿಸುವವನಿಗೆ ನಗುವ ಜನ ಬೇಕು. ಒಬ್ಬರು ಎದ್ದು ಬಂದು ಈ ಕಡೆ ಕೂತರೆ ಆಟದ ರುಚಿಯೇ ಹೋಗುತ್ತದೆ. ನಮ್ಮ ಕ್ಲಾಸಿನಲ್ಲಿ ಅದು ಒಂದೇ ದಿನಕ್ಕೆ ಆಗಲಿಲ್ಲ, ದೀಪಾವಳಿವರೆಗೂ ಎಳೆಯಿತು. ಆದರೆ ಆ ಹುಡುಗಿ ಶಾಲೆ ಬಿಡಲಿಲ್ಲ. ಓದು ಬರಹ ಬಾರದ ಆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ಯಾರಿಗೆ ಹೇಳಲಿ? ಟೀಚರಾದ ನಾನು ನನ್ನ ಮಗನಿಗೆ ಅದನ್ನು ಕೇಳಿರಲಿಲ್ಲ.

ಶಾಲೆಗೆ ಹೋಗುವಾಗ ಮಗುವಿಗೆ ಹೇಳಿ ಹೋಗಿ. ಪ್ರಾರ್ಥನೆಯ ಹೊತ್ತಿಗೆ ಹೋಗಬೇಡಿ, ಕ್ಲಾಸಿಗಂತೂ ಹೋಗಲೇಬೇಡಿ. ಶಾಲೆ ಬಿಟ್ಟ ಮೇಲೆ ಹೋಗಿ. ಯಾವ ದಿನ, ಎಲ್ಲಿ, ಏನಾಯಿತು, ಯಾರು ನೋಡಿದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ನಿಮ್ಮ ಶಾಲ್ಯಾಗ ಇಂಥಾದ್ದು ನಡೀತದ" ಅಂತ ಶುರು ಮಾಡಿದರೆ ಎದುರಿನವರು ಶಾಲೆಯ ಹೆಸರು ಉಳಿಸಿಕೊಳ್ಳಲು ನಿಲ್ಲುತ್ತಾರೆ. "ಊಟದ ಹೊತ್ತಿನಲ್ಲಿ ನಳದ ಹತ್ತಿರ ಯಾರು ಇರ್ತಾರೆ ಸರ್?" ಅಂತ ಕೇಳಿ. ಏನು ಮಾಡುತ್ತಾರೆ ಅಂತ ತಿಳಿದುಕೊಂಡು, ಮತ್ತೆ ಯಾವ ದಿನ ಬರಲಿ ಅಂತ ಕೇಳಿ ಎದ್ದು ಬನ್ನಿ. ಆ ದಿನ ತಪ್ಪದೆ ಹೋಗಿ.

ಮತ್ತೊಂದು, ಇದು ನನ್ನ ವೃತ್ತಿಯವರ ಬಗ್ಗೆ. ನಮ್ಮಲ್ಲಿ ಒಂದು ರೂಢಿ ಇದೆ. ಇಬ್ಬರನ್ನೂ ಕರೆದು ಎದುರು ಬದುರು ನಿಲ್ಲಿಸಿ "ಕೈ ಕೊಡ್ರಿ, ದೋಸ್ತಿ ಮಾಡ್ರಿ" ಅನ್ನುವುದು. ನಾನೂ ಎಷ್ಟೋ ಸಲ ಮಾಡಿದ್ದೇನೆ. ಜಗಳಕ್ಕೆ ಅದು ಸರಿ. ಕಾಡಿಸುವುದಕ್ಕೆ ಸರಿಯಲ್ಲ. ಹೆದರಿದ ಮಗುವನ್ನು ಹೆದರಿಸಿದವನ ಎದುರು ನಿಲ್ಲಿಸಿ ನಗಿಸಿದರೆ ಅದು ಇನ್ನೊಂದು ಹಿಂಸೆ. ಹಾಗೆ ಮಾಡುವುದು ಬೇಡ, ಬೇರೆ ಬೇರೆ ಮಾತಾಡಿ ಅಂತ ನೀವು ಕೇಳಿಕೊಳ್ಳಬಹುದು.

ಎದುರಿನ ಹುಡುಗನ ಮನೆಗೆ ಮಾತ್ರ ಹೋಗಬೇಡಿ. ನಮ್ಮ ಹಳ್ಳಿಗಳಲ್ಲಿ ಅದು ಸಂಜೆಯೊಳಗೆ ಎರಡು ಮನೆಯ ಜಗಳ, ರಾತ್ರಿಯೊಳಗೆ ಎರಡು ಓಣಿಯ ಜಗಳ ಆಗುತ್ತದೆ. ಮಗುವಿನ ಮಾತು ಎಲ್ಲೋ ಕಳೆದುಹೋಗುತ್ತದೆ.

ಶಾಲೆಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ ಮಾತು ಎತ್ತಿ, ಅದು ಶಾಲೆಯ ಉಸ್ತುವಾರಿ ಸಮಿತಿ, ಅಲ್ಲಿ ಕೂರುವವರು ಬಹುಪಾಲು ನಿಮ್ಮಂಥ ಪಾಲಕರೇ. ಆಮೇಲೆ ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು ಡಿಡಿಪಿಐ. ಖಾಸಗಿ ಶಾಲೆಯ ದೂರನ್ನೂ ಅವರಿಗೆ ಕೊಡಬಹುದು. ಸಿಬಿಎಸ್‌ಇ ಶಾಲೆಯಾದರೆ ಇದಕ್ಕೇ ಒಂದು ಸಮಿತಿ ಇರಬೇಕು ಅಂತ ಮಂಡಳಿ 2015ರಲ್ಲೇ ಸುತ್ತೋಲೆ ಕಳಿಸಿದೆ. ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಮಾಸ್ತರೇ ಮಗುವಿಗೆ ಅಡ್ಡಹೆಸರಿಟ್ಟು ಕರೆದು ಕ್ಲಾಸನ್ನು ನಗಿಸಿದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕೆಲವು ಸಲ ಕಾಯುವಂತಿಲ್ಲ. ಮೈಮೇಲೆ ಗಾಯ ಇದ್ದರೆ, ಯಾರಾದರೂ ಮೈ ಮುಟ್ಟಬಾರದ ಕಡೆ ಮುಟ್ಟಿದ್ದರೆ, ಮಗು "ನಾ ಇರಬಾರದಿತ್ತು" ಅನ್ನುವ ಮಾತು ಆಡಿದರೆ ಅದೇ ದಿನ ನಡೆಯಿರಿ. ಆಗಲೂ ಮಗುವಿಗೆ ಹೇಳಿ: "ಇದನ್ನ ನಾ ಇಟ್ಕೊಂಡು ಕೂಡಾಂಗಿಲ್ಲ. ನಾ ಹೋಗ್ಲಾಕತ್ತೀನಿ, ನಿನಗ ಹೇಳೇ ಹೋಗ್ಲಾಕತ್ತೀನಿ." 1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈನಲ್ಲಿ ಶುರುವಾಗಿ ಈಗ ದೇಶದ ತುಂಬಾ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಹಚ್ಚಬಹುದು, ಮಗುವೇ ಹಚ್ಚಬಹುದು. ಮೈ ಮುಟ್ಟಿದ ವಿಷಯವಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಬರುತ್ತದೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ಮನಸ್ಸಿಗೆ ತುಂಬಾ ಹಚ್ಚಿಕೊಂಡ ಮಗುವಿಗೆ, ಕಂಗಾಲಾದ ನಿಮಗೂ, 14416 ಅಂದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟವರು ಈ ಎರಡು ನಂಬರನ್ನು ಅವರ ನೋಟ್‌ಬುಕ್ಕಿನ ಹಿಂದೆ ಬರೆದು ಕೊಡಿ. ಊರಿಗೆ ಬಂದಾಗ ಬರೀ ಮಾರ್ಕ್ಸ್ ಕೇಳಬೇಡಿ. ರಾತ್ರಿ ಪಕ್ಕದಲ್ಲಿ ಯಾರು ಮಲಗುತ್ತಾರೆ ಅಂತ ಕೇಳಿ.

ಫೋನಿನಲ್ಲಿ ಕಾಡಿಸುವುದೂ ಈಗ ಜಾಸ್ತಿ. ವಾಟ್ಸ್ಆಪ್ ಗುಂಪಿನಲ್ಲಿ ಫೋಟೋ ಕೆಡಿಸಿ ಹಾಕುತ್ತಾರೆ. ಸಿಟ್ಟಿನಲ್ಲಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಟ್ಟ ಫೋಟೋ, ಬೆದರಿಕೆ ಇದ್ದರೆ ಜಿಲ್ಲೆಯ ಸೆನ್, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ. ಮಗುವಿನ ಫೋನ್ ಮಾತ್ರ ಕಸಿಯಬೇಡಿ. ಫೋನ್ ಹೋಗುತ್ತದೆ ಅನ್ನುವ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಇನ್ನು, ಕಾಡಿಸುವುದು ನಿಮ್ಮ ಮಗು ಅಂತ ಗೊತ್ತಾದರೆ? ಇಲ್ಲಿ ಕೂತವರಲ್ಲಿ ಅಂಥವರೂ ಇರುತ್ತೀರಿ. ಸಿಟ್ಟಿಗೆದ್ದು ಬಾರುಕೋಲು ತೆಗೆದುಕೊಳ್ಳಬೇಡಿ. ಬಲ ಇದ್ದವನು ಹೊಡೆಯಬಹುದು ಅನ್ನುವ ಪಾಠ ಅವನಿಗೆ ಆಗಲೇ ಬಂದಿದೆ, ನೀವು ಮತ್ತೆ ಕಲಿಸುವುದು ಬೇಡ. "ನಮ್ಮವ ಹಂಗ ಮಾಡಂಗಿಲ್ಲ" ಅಂತಲೂ ಅನ್ನಬೇಡಿ. ಕೂಡಿಸಿಕೊಂಡು, ಅವನು ಏನು ಮಾಡಿದ ಅಂತ ಅವನ ಬಾಯಿಂದಲೇ ಕೇಳಿ. ಕಿತ್ತುಕೊಂಡದ್ದನ್ನು ಅವನ ಕೈಯಿಂದಲೇ ವಾಪಸ್ ಕೊಡಿಸಿ. ಮನೆಯಲ್ಲಿ ಅವನಿಗೆ ಯಾರು, ಏನೆಂದು ಕರೆಯುತ್ತಾರೆ ಅನ್ನುವುದನ್ನೂ ಒಂದು ಸಲ ಯೋಚಿಸಿ.

ಮಾತು ಮುಗಿಸಿ ಕೂತೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಟಂಟಂ ಓಡಿಸುವವರು, ಶಾಲೆಗೆ ಮಕ್ಕಳನ್ನು ಬಿಡುತ್ತಾರೆ. "ಮೇಡಂ, ನಮ್ಮ ಗಾಡ್ಯಾಗ ಒಬ್ಬ ಹುಡುಗ ದಿನಾ ಹಿಂದ ಕೂಡಂಗಿಲ್ಲ. ಜಾಗ ಇದ್ರೂ ನನ್ನ ಬಾಜೂ ಬಂದು ಒತ್ತಿ ಕೂಡ್ತಾನ. ಗಾಡಿ ಹೊಡಿಯೋದು ನೋಡಾಕ ಖುಷಿ ಇರಬೇಕು ಅಂದ್ಕೊಂಡಿದ್ದೆ. ನಾಳಿ ಅವನಿಗಿ ಏನು ಕೇಳ್ಲಿ?"

ಎಲ್ಲರ ಎದುರು ಏನೂ ಕೇಳಬೇಡಿ ಅಂದೆ. ಕೊನೆಗೆ ಇಳಿಯುವುದು ಯಾರು ಅಂತ ಕೇಳಿದೆ.

"ಅವನ ಮನಿ ನಡುವ ಬರ್ತದ್ರಿ."

ಹಾಗಾದರೆ ಒಂದು ದಿನ ಅವನನ್ನು ಕೊನೆಗೆ ಇಳಿಸಿ, ಆದರೆ ಅವನ ಅವ್ವನಿಗೆ ಮೊದಲೇ ಫೋನ್ ಮಾಡಿ ಯಾಕೆ ಅಂತ ಹೇಳಿ, ಹುಡುಗನಿಗೂ ಹತ್ತುವಾಗಲೇ ಹೇಳಿ ಅಂದೆ. "ನೀ ನನ್ನ ಬಾಜೂ ಕೂಡೋದು ನನಗ ಚಲೋ ಅನಸ್ತದ" ಅಂತ ಶುರು ಮಾಡಿ, ಆಮೇಲೆ ಸುಮ್ನೆ ಗಾಡಿ ಓಡಿಸಿ, ಅವನು ಹೇಳಿದರೆ ಕೇಳಿ ಅಂದೆ.

ಅವರು ತಲೆ ಆಡಿಸಿ, ನಿಂತಲ್ಲೇ ಜೇಬಿನಿಂದ ಫೋನ್ ತೆಗೆದು ಆ ತಾಯಿಯ ನಂಬರ್ ಹುಡುಕತೊಡಗಿದರು.